ಟೊಮೆಟೊ ಬಾಕ್ಸಿನ ಒಳಗಿನ ಲೆಕ್ಕ

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಲಾರಿಗೆ ಟೊಮೆಟೊ ತುಂಬುವುದನ್ನು ನಿಂತು ನೋಡಿದ್ದೀರಾ? ಕೆಳಗಿನ ಹಮಾಲಿ 15 ಕೆ.ಜಿ. ಬಾಕ್ಸನ್ನು ಬೀಸಿ ಮೇಲಕ್ಕೆ ಚಿಮ್ಮಿಸುತ್ತಾರೆ. ಲಾರಿ ಮೇಲಿನವರು ಹಿಡಿದುಕೊಳ್ಳುತ್ತಾರೆ. ನಡುವೆ ಒಂದು ಕ್ಷಣ ಬಾಕ್ಸ್ ಯಾರ ಕೈಯಲ್ಲೂ ಇರುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಕ್ಷಣದ ಬಗ್ಗೆಯೇ.

ಒಂದು ಹಣ್ಣು 75 ಗ್ರಾಂ ಅಂದುಕೊಳ್ಳಿ. ಆಗ ಬಾಕ್ಸಿನಲ್ಲಿ 200 ಹಣ್ಣು. ಎರಡೆರಡನ್ನು ಜೋಡಿ ಮಾಡುತ್ತಾ ಹೋದರೆ 19,900 ಜೋಡಿ ಆಗುತ್ತವೆ. ಬಾಕ್ಸ್ ಗಾಳಿಯಲ್ಲಿರುವಾಗ ಒಳಗೆ ಹಣ್ಣುಗಳು ಉರುಳುತ್ತವೆ, ಒಂದಕ್ಕೊಂದು ಒತ್ತುತ್ತವೆ, ಗೋಡೆಗೆ ಬಡಿಯುತ್ತವೆ. ಇಷ್ಟೆಲ್ಲ ಗಲಾಟೆ ಇದ್ದರೂ ಮೇಲಿರುವವರ ಕೈ ಸರಿಯಾದ ಜಾಗಕ್ಕೆ ಹೋಗುತ್ತದೆ. ಅವರು 200 ಹಣ್ಣನ್ನು ನೋಡುತ್ತಿಲ್ಲ, ಒಂದೇ ಒಂದು ಗಂಟನ್ನು ನೋಡುತ್ತಿದ್ದಾರೆ. ಅದು ಸಾಕಾಗುತ್ತದೆ. ಯಾಕೆ ಸಾಕಾಗುತ್ತದೆ ಅನ್ನುವುದು ನನಗೆ ಇಂದಿಗೂ ದೊಡ್ಡ ಬೆರಗು.

ಉತ್ತರ ಇರುವುದು ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೇ ನಿಯಮದಲ್ಲಿ. ಎಡಗಡೆ ಹಣ್ಣು ಬಲಗಡೆಯದನ್ನು ಎಷ್ಟು ತಳ್ಳುತ್ತದೋ, ಬಲಗಡೆಯದು ಅಷ್ಟೇ ಜೋರಾಗಿ ಎಡಗಡೆಯದನ್ನು ವಾಪಸ್ ತಳ್ಳುತ್ತದೆ. ಎರಡನ್ನೂ ಕೂಡಿಸಿದರೆ ಸೊನ್ನೆ. 19,900 ಜೋಡಿಗೂ ಇದೇ ಲೆಕ್ಕ. ಬಾಕ್ಸಿನ ಗೋಡೆಗೂ ಹಣ್ಣಿಗೂ ಇದೇ ಲೆಕ್ಕ. ಮನೆಯಲ್ಲಿ ಅಣ್ಣ ತಮ್ಮನಿಗೆ 500 ರೂಪಾಯಿ ಕೊಟ್ಟರೆ ಅಣ್ಣನ ಜೇಬು ಹಗುರ, ತಮ್ಮನದು ಭಾರ. ಆದರೆ ಮನೆಯ ದುಡ್ಡು ಅಷ್ಟೇ ಇರುತ್ತದೆ, ಅಲ್ವಾ? ಹೊರಗಿಂದ ಯಾರಾದರೂ ಕೊಟ್ಟರೆ ಅಥವಾ ಕಿತ್ತುಕೊಂಡರೆ ಮಾತ್ರ ಅದು ಬದಲಾಗುತ್ತದೆ. ಗಾಳಿಯಲ್ಲಿರುವ ಬಾಕ್ಸಿಗೆ ಹೊರಗಿನ ಬಲ ಅಂದರೆ ಭೂಮಿಯ ಸೆಳೆತ. ಗಾಳಿಯ ತಡೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಹಾಗಾಗಿ ಒಳಗೆ ಏನೇ ಆಗಲಿ, ಅದರ ದ್ರವ್ಯರಾಶಿ ಕೇಂದ್ರ, ಅಂದರೆ ಇಡೀ ಬಾಕ್ಸಿನ ಭಾರ ಒಂದೇ ಕಡೆ ಇದೆ ಅಂತ ಲೆಕ್ಕ ಹಿಡಿಯಬಹುದಾದ ಬಿಂದು, 15 ಕೆ.ಜಿ.ಯ ಒಂದು ಕಲ್ಲು ಹೋಗುವ ದಾರಿಯಲ್ಲೇ ಹೋಗುತ್ತದೆ.

ಒಮ್ಮೆ ಮಳೆ ನಿಂತ ಮೇಲೆ ನಮ್ಮ ತೋಟದ ಹತ್ತಿರ ಒಂದು ಟೆಂಪೋ ಕೆಸರಿನಲ್ಲಿ ಹೂತುಹೋಯಿತು. ಹಿಂದೆ ನಿಂತಿದ್ದ ಹುಡುಗರು ನಿಂತಲ್ಲಿಂದಲೇ ಮುಂದಿನ ಕ್ಯಾಬಿನ್ನಿನ ಗೋಡೆಯನ್ನು ಜೀವ ಬಿಟ್ಟು ತಳ್ಳಿದರು. ಗಾಡಿ ಅಲುಗಲಿಲ್ಲ. "ಇಳೀರೋ ಕೆಳಗೆ!" ಅಂತ ಚಿಕ್ಕಪ್ಪ ಕೂಗಿದರು. ಅದೇ ಹುಡುಗರು ಇಳಿದು, ಗಟ್ಟಿ ನೆಲಕ್ಕೆ ಕಾಲು ಕೊಟ್ಟು ತಳ್ಳಿದಾಗ ಗಾಡಿ ಮೇಲೆ ಬಂತು. ತೋಳಿನ ಶಕ್ತಿ ಎರಡು ಸಲವೂ ಅಷ್ಟೇ ಇತ್ತು. ಮೇಲಿದ್ದಾಗ ಕೈ ಗೋಡೆಯನ್ನು ಮುಂದಕ್ಕೆ ತಳ್ಳುತ್ತಿತ್ತು, ಕಾಲು ಟೆಂಪೋದ ಹಲಗೆಯನ್ನು ಅಷ್ಟೇ ಹಿಂದಕ್ಕೆ ಒತ್ತುತ್ತಿತ್ತು. ಕೊಟ್ಟದ್ದು ಮನೆಯೊಳಗೇ ವಾಪಸ್. ಕೆಳಗೆ ಇಳಿದಾಗ ಕಾಲು ಒತ್ತಿದ್ದು ಹೊರಗಿನ ನೆಲವನ್ನು.

ಯಾವುದು ಮನೆ, ಯಾವುದು ಹೊರಗೆ ಅನ್ನುವುದನ್ನು ತೀರ್ಮಾನಿಸುವವರು ನಾವೇ. ಭೂಮಿ ಮತ್ತು ಚಂದ್ರ ಎರಡನ್ನೂ ಸೇರಿಸಿ ಒಂದು ಮನೆ ಮಾಡಿ ನೋಡಿ. ಭೂಮಿ ಚಂದ್ರನಿಗಿಂತ ಸುಮಾರು 81 ಪಟ್ಟು ಭಾರ. ಇವುಗಳ ದ್ರವ್ಯರಾಶಿ ಕೇಂದ್ರ ಭೂಮಿಯ ನಡುಮಧ್ಯದಿಂದ ಸುಮಾರು 4,670 ಕಿ.ಮೀ. ದೂರದಲ್ಲಿದೆ, ಅಂದರೆ ನೆಲದಿಂದ ಸುಮಾರು 1,700 ಕಿ.ಮೀ. ಆಳದಲ್ಲಿ. ಚಂದ್ರ ಸುತ್ತುವುದು ಆ ಬಿಂದುವನ್ನು. ಭೂಮಿಯೂ ತಿಂಗಳಿಗೊಮ್ಮೆ ಅದನ್ನೇ ಸುತ್ತುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ಹುಣ್ಣಿಮೆ ಚಂದ್ರ ಕಂಡಾಗ ನನಗೆ ಕಾಲ ಕೆಳಗಿನ ಆ ಬಿಂದುವಿನ ನೆನಪೇ ಜಾಸ್ತಿ.

ಕೇಂದ್ರದ ದಾರಿ ಸುಲಭ. ಆದರೆ ಬಾಕ್ಸಿನಲ್ಲಿ ಯಾವ ಹಣ್ಣು ಒಡೆಯುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಒಂದನ್ನೊಂದು ಸೆಳೆಯುವ ಎರಡು ಕಾಯಗಳ ಲೆಕ್ಕವನ್ನು ನ್ಯೂಟನ್ ಬಿಡಿಸಿದರು. ಮೂರನೆಯದು ಸೇರಿದ ತಕ್ಷಣ ಎಲ್ಲದಕ್ಕೂ ಹೊಂದುವ ಸರಳ ಸೂತ್ರ ಸಿಗುವುದಿಲ್ಲ.

ಎರಡೇ ತುಂಡಿನ ಲೆಕ್ಕ ಎಷ್ಟು ಬಿಗಿಯಾದದ್ದು ಅಂತ ನೋಡಲು ಇದೇ ಜಿಲ್ಲೆಯ ಕೆಜಿಎಫ್‌ಗೆ ಹೋಗಬೇಕು. ನಿಂತಿರುವ ವಸ್ತು ಎರಡು ತುಂಡಾದರೆ, ಒಂದು ತುಂಡಿನ ಸಂವೇಗ (ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ) ಇನ್ನೊಂದರದಕ್ಕೆ ಸಮ ಮತ್ತು ವಿರುದ್ಧ ದಿಕ್ಕಿನದು ಆಗಿರಲೇಬೇಕು. ಬಿಡುಗಡೆಯಾಗುವ ಶಕ್ತಿ ಗೊತ್ತಿದ್ದರೆ ಎರಡರ ವೇಗವೂ ನಿಗದಿ. ಕೆಲವು ಪರಮಾಣುಗಳ ನ್ಯೂಕ್ಲಿಯಸ್ಸಿನಿಂದ ಎಲೆಕ್ಟ್ರಾನ್ ಹೊರಕ್ಕೆ ಹಾರುತ್ತದೆ. ಅದು ಪ್ರತಿ ಸಲ ಒಂದೇ ಶಕ್ತಿಯಲ್ಲಿ ಹಾರಬೇಕಿತ್ತು. ಅಳೆದರೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. ಶಕ್ತಿ ಉಳಿಯುತ್ತದೆ ಅನ್ನುವ ನಿಯಮವನ್ನೇ ಬಿಟ್ಟುಬಿಡಲು ನೀಲ್ಸ್ ಬೋರ್ ಅವರಂಥ ದೊಡ್ಡ ಭೌತವಿಜ್ಞಾನಿಗಳೂ ಸಿದ್ಧರಿದ್ದರು. ಇನ್ನೊಬ್ಬ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಪೌಲಿ ಬಿಡಲಿಲ್ಲ. ಕಣ್ಣಿಗೆ ಬೀಳದ ಮೂರನೇ ಕಣವೊಂದು ಪಾಲು ತೆಗೆದುಕೊಂಡು ಹೋಗುತ್ತಿದೆ ಅಂತ 1930ರ ಡಿಸೆಂಬರಿನಲ್ಲಿ ಪತ್ರ ಬರೆದರು. ಆ ಕಣಕ್ಕೆ ಆಮೇಲೆ ನ್ಯೂಟ್ರಿನೊ ಅಂತ ಹೆಸರಾಯಿತು. 1956ರಲ್ಲಿ ಅಮೆರಿಕದ ಒಂದು ರಿಯಾಕ್ಟರಿನ ಹತ್ತಿರ ಅದು ಸಿಕ್ಕಿತು.

ಆಕಾಶದಿಂದ ಬರುವ ಕಣಗಳು ವಾತಾವರಣಕ್ಕೆ ಬಡಿದಾಗಲೂ ನ್ಯೂಟ್ರಿನೊ ಹುಟ್ಟುತ್ತವೆ. ಅವುಗಳ ಗುರುತು 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತು. ಇಲ್ಲಿ ಕೆಲಸ ಮಾಡಿದವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಉಪಕರಣ ಇಟ್ಟಿದ್ದು ಸುಮಾರು 2.3 ಕಿ.ಮೀ. ಆಳದಲ್ಲಿ. ಮೇಲಿನಿಂದ ಬರುವ ಬೇರೆ ಕಣಗಳನ್ನು ಅಷ್ಟು ದಪ್ಪದ ಬಂಡೆ ತಡೆಯುತ್ತದೆ. ತಪ್ಪಿಸಿಕೊಂಡು ಬರುವ ಒಂದೆರಡು ಕೂಡ ಮೇಲಿನಿಂದಲೇ ಇಳಿಯುತ್ತವೆ. ನ್ಯೂಟ್ರಿನೊ ಮಾತ್ರ ಯಾವ ದಿಕ್ಕಿನಿಂದಲೂ ಬಂಡೆ ದಾಟಿ ಬರುತ್ತದೆ, ಅಪರೂಪಕ್ಕೊಮ್ಮೆ ಬಂಡೆಯೊಳಗೆ ಬಡಿದು ಕಾಣಿಸುವಂಥ ಬೇರೊಂದು ಕಣವನ್ನು ಹೊರಡಿಸುತ್ತದೆ. ಅದಕ್ಕೇ ಅವರು ಉಪಕರಣವನ್ನು ಸುರಂಗದ ಉದ್ದಕ್ಕೂ ಗೋಡೆಯ ಹಾಗೆ ನಿಲ್ಲಿಸಿ, ಅಡ್ಡಡ್ಡವಾಗಿ ಬಂಡೆಯೊಳಗಿಂದ ಹೊರಬರುವ ಕಣಕ್ಕಾಗಿ ಕಾದು ಕೂತರು.