ನನ್ನ ಕತೆಯ ತಪ್ಪು ನನಗೇ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಕತೆ ಬರೆದು ಮುಗಿಸುತ್ತೇನೆ. ತಿದ್ದೋಣ ಅಂತ ಕೂತರೆ ಎರಡು ಪದ ಬದಲಿಸಿ ಎದ್ದುಬಿಡುತ್ತೇನೆ. ಬೇರೆಯವರ ಕತೆಯ ಕೊರತೆ ಥಟ್ಟನೆ ಗೊತ್ತಾಗುತ್ತದೆ, ನನ್ನದು ಮಾತ್ರ ಸರಿಯಾಗಿಯೇ ಕಾಣುತ್ತದೆ. ಏನು ಮಾಡಲಿ?

ಉತ್ತರ: ಇದು ನೆನಪು ಮಾಡುವ ಕಿತಾಪತಿ. ನಾಯಕಿ ಯಾಕೆ ಊರು ಬಿಟ್ಟಳು ಅಂತ ನಿಮಗೆ ಗೊತ್ತು. ಅದನ್ನು ಬರೆಯಲು ಮರೆತಿದ್ದರೂ, ಓದುವಾಗ ನೆನಪು ಆ ಜಾಗವನ್ನು ತಾನೇ ತುಂಬಿಬಿಡುತ್ತದೆ. ಓದುಗರಿಗೆ ಆ ಅನುಕೂಲ ಇಲ್ಲ.

ಹಾಗಾಗಿ ಮೊದಲು ಕತೆಯನ್ನು ಎತ್ತಿಡಿ. ಎರಡು ಮೂರು ವಾರವಾದರೂ ಬೇಕು. ಆಮೇಲೆ ಪ್ರಿಂಟ್ ತೆಗೆದು ಓದಿ, ಇಲ್ಲವೇ ಅಕ್ಷರದ ಗಾತ್ರ ಬದಲಿಸಿ. ಪುಟ ಸ್ವಲ್ಪ ಅಪರಿಚಿತವಾದರೂ ಸಾಕು.

ಆಗಲೂ ಪದಗಳಿಗೆ ಕೈ ಹಾಕಬೇಡಿ. ನಾನು ಒಮ್ಮೆ ಮಳೆಯ ವರ್ಣನೆಯೊಂದನ್ನು ವಾರವಿಡೀ ತಿದ್ದಿ ತೀಡಿದೆ. ಕೊನೆಗೆ ಆ ಸನ್ನಿವೇಶವೇ ಬೇಡ ಅಂತ ತೆಗೆದುಹಾಕಬೇಕಾಯಿತು! ಮೊದಲು ಪ್ರತಿ ಸನ್ನಿವೇಶಕ್ಕೂ ಒಂದೊಂದು ಸಾಲು ಬರೆದುಕೊಳ್ಳಿ: ಇಲ್ಲಿ ಏನು ಬದಲಾಯಿತು? ಉತ್ತರ ಸಿಗದಿದ್ದರೆ ಅದು ಸುಮ್ನೆ ಕೂತಿದೆ. ತೆಗೆದು ನೋಡಿ, ಕತೆ ಅಲುಗುತ್ತದೆಯೇ ಅಂತ. ಮೊದಲ ಪುಟದ ಮೇಲೆ ಅನುಮಾನ ಇನ್ನೂ ಜಾಸ್ತಿ ಇರಲಿ. ಬಹಳ ಸಲ ಅಲ್ಲಿರುವುದು ನೀವು ಕತೆಗೆ ದಾರಿ ಹುಡುಕಿದ ಗುರುತು ಅಷ್ಟೇ.

ಇನ್ನು ಸಾಲುಗಳು. ಇದನ್ನು ಓದಿ:

‘ರಾಜುವಿಗೆ ಅಣ್ಣನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಅಣ್ಣ ಚಾಚಿದ ಲೋಟ ಮುಟ್ಟದೆ ಎದ್ದು ಹೋಗಿ, ತಾನೇ ನೀರು ಬಗ್ಗಿಸಿಕೊಂಡು ಕುಡಿದ.’

ಮೊದಲ ವಾಕ್ಯ ಹೊಡೆದುಹಾಕಿ, ರಾಜುವಿನ ಹೆಸರನ್ನು ಎರಡನೆಯದಕ್ಕೆ ಸೇರಿಸಿ. ಸಿಟ್ಟು ಎಲ್ಲೂ ಹೋಗಲಿಲ್ಲ, ಅಲ್ವಾ? ಜೊತೆಗೆ ಹಟ, ನೋವು, ಸ್ವಲ್ಪ ಹುಡುಗಾಟಿಕೆಯೂ ಕಾಣತೊಡಗಿತು. ‘ಸಿಟ್ಟು’ ಅಂತ ಹೆಸರಿಟ್ಟಿದ್ದೇ ಇವನ್ನೆಲ್ಲ ಮುಚ್ಚಿಟ್ಟಿತ್ತು.

ಆಮೇಲೆ ಗಟ್ಟಿಯಾಗಿ ಓದಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ತುದಿಗೆ ಬರುತ್ತದೆ. ‘ಬಂದಳು. ಕೂತಳು. ನೋಡಿದಳು. ಅತ್ತಳು’ ಅಂತ ಬರೆದರೆ ತಾಳ ಕುಟ್ಟಿದ ಹಾಗಾಗುತ್ತದೆ. ಕಣ್ಣು ಇದನ್ನು ಸಹಿಸಿಕೊಳ್ಳುತ್ತದೆ, ಕಿವಿ ಸಹಿಸುವುದಿಲ್ಲ. ‘ಬಂದು ಕೂತವಳು ಅವನನ್ನೇ ನೋಡುತ್ತ ಅತ್ತಳು’ ಅಂದರೆ ತಾಳ ಮುರಿಯುತ್ತದೆ. (ಬೇಕೆಂದೇ ತಾಳ ಕುಟ್ಟಿದ್ದರೆ ಬಿಡಿ, ಅದು ಬೇರೆ ಮಾತು.) ‘ಅತ್ತಳು’ ಅಂದರೆ ಅವಳೇ ಅಂತ ಗೊತ್ತಾಗುತ್ತದೆ, ಸಾಲು ಸಾಲಿಗೂ ‘ಅವಳು’ ಬೇಡ.

ಎಷ್ಟು ಸಲ ತಿದ್ದಬೇಕು? ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇ ತಮ್ಮ 1929ರ ಕಾದಂಬರಿ ‘ಎ ಫೇರ್‌ವೆಲ್ ಟು ಆರ್ಮ್ಸ್’ನ ಕೊನೆಯನ್ನು 39 ಸಲ ಬರೆದೆ ಅಂದಿದ್ದರು. 2012ರ ಆವೃತ್ತಿಯಲ್ಲಿ ಅಚ್ಚಾದ ಬೇರೆ ಬೇರೆ ಕೊನೆಗಳು 47! ನಮಗೆ ಅಷ್ಟು ಬೇಕಿಲ್ಲ. ಬದಲಿಸಿದ್ದನ್ನೇ ಮತ್ತೆ ಮೊದಲಿನ ಹಾಗೆ ಮಾಡಲು ಶುರುಮಾಡಿದಿರಿ ಅಂದರೆ ನಿಲ್ಲಿಸಿ, ಓದುವ ಅಭ್ಯಾಸ ಇರುವ ಒಬ್ಬರ ಕೈಗೆ ಕೊಡಿ. ‘ಹೇಗಿದೆ’ ಅಂತ ಕೇಳಿದರೆ ಚೆನ್ನಾಗಿದೆ ಅಂದುಬಿಡುತ್ತಾರೆ. ಎಲ್ಲಿ ಬೇಜಾರಾಯಿತು, ಎಲ್ಲಿ ಹಿಂದಿನ ಪುಟ ತಿರುವಿ ನೋಡಬೇಕಾಯಿತು ಅಂತ ಕೇಳಿ.