ಹಳೇ ಡ್ರಮ್ಮಿಗೆ ಚೂಪು ಅಂಚು ಯಾಕೆ ಬೇಕು?

ಕೋಲಾರದ ನನ್ನ ಅಂಗಡಿಗೆ ಹಳೇ ಡ್ರಮ್ ಹೊತ್ತು ತರುವ ಹುಡುಗರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ. "ಅಣ್ಣಾ, ಎಡ್ಜ್ ಮೊಂಡಾಗೋಗಿದೆ. 45 ಡಿಗ್ರಿ ಹೊಡೆದು ಚೂಪು ಮಾಡಿಕೊಡಿ." ಎಡ್ಜ್ ಅಂದರೆ ಶೆಲ್ಲಿನ (ಡ್ರಮ್ಮಿನ ದುಂಡು ಮರದ ಮೈಯ) ಅಂಚು, ಬಾರಿಸುವ ಹೊದಿಕೆ, ಅಂದರೆ ಹೆಡ್, ಬಂದು ಕೂರುವ ಜಾಗ. 45 ಡಿಗ್ರಿ ಅನ್ನುವುದು ಆ ಅಂಚಿನ ಇಳಿಜಾರಿನ ಕೋನ. ಯಾವುದೋ ವಿಡಿಯೋ ನೋಡಿರುತ್ತಾರೆ. ಅದರಲ್ಲಿ ಒಬ್ಬರು ಶೆಲ್ಲಿಗೆ ರೌಟರ್ (ಮರ ಕೆತ್ತುವ ಯಂತ್ರ) ಓಡಿಸುತ್ತಾರೆ, ಚಹಾ ಕುಡಿಯುವಷ್ಟರಲ್ಲಿ ಹೊಸ ಅಂಚು ಸಿದ್ಧ. ಸರಿ, ಡ್ರಮ್ಮಿಗೆ ಏನಾಗಿದೆ ಅಂತ ಕೇಳುತ್ತೇನೆ. ಟ್ಯೂನ್ ನಿಲ್ಲುತ್ತಿಲ್ಲವಾ? ಒಂದು ಲಗ್ (ಬಿಗಿಯುವ ಬೋಲ್ಟ್ ಕೂರುವ ಜಾಗ) ಹತ್ತಿರ ಒಂದು ಸ್ವರ, ಎದುರಿನ ಲಗ್ ಹತ್ತಿರ ಇನ್ನೊಂದು ಸ್ವರ ಬರುತ್ತಿದೆಯಾ? ಗೊತ್ತಿಲ್ಲ. ಬಾರಿಸಿಯೇ ನೋಡಿಲ್ಲ. ಅಂಚು ಮಾತ್ರ ಚೂಪಾಗಬೇಕು.

ಅದು ಮೊಂಡಾಗಿಲ್ಲ ಕಣಪ್ಪ. ಅದನ್ನು ಮಾಡಿದ್ದೇ ಹಾಗೆ.

ಇದನ್ನು ಅಂಗಡಿಯಲ್ಲಿ ನಿಂತು ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಪ್ಲಾಸ್ಟಿಕ್ ಹೆಡ್ ಮಾರುಕಟ್ಟೆಗೆ ಬಂದಿದ್ದು 1957ರ ಆಸುಪಾಸಿನಲ್ಲಿ. ಅಮೆರಿಕದಲ್ಲಿ ರೆಮೋ, ಇವಾನ್ಸ್ ಇಬ್ಬರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಅದನ್ನು ಮಾರಲು ಶುರು ಮಾಡಿದರು. ಅದಕ್ಕೂ ಮೊದಲು ಇದ್ದಿದ್ದು ಕರುವಿನ ಚರ್ಮ. ಚರ್ಮವನ್ನು ನೆನೆಸಿ, ಮರದ ಬಳೆಗೆ ಮಡಚಿ ಸಿಕ್ಕಿಸಿ, ಹಸಿಯಾಗಿರುವಾಗಲೇ ಶೆಲ್ ಮೇಲೆ ಕೂರಿಸಿ ಒಣಗಲು ಬಿಡುತ್ತಿದ್ದರು. ಒಣಗುತ್ತಾ ಅದು ಅಂಚಿನ ಆಕಾರವನ್ನೇ ಹಿಡಿಯುತ್ತಿತ್ತು. ದುಂಡಗಿನ ಅಂಚು ಚರ್ಮಕ್ಕೆ ಹಿತ. ಪ್ಲಾಸ್ಟಿಕ್ ಬಂದ ಮೇಲೂ ಕಂಪನಿಗಳು ಬಹಳ ಕಾಲ ಆ ದುಂಡು ಆಕಾರವನ್ನು ಬಿಡಲಿಲ್ಲ. 60ರ ದಶಕದ ಲಡ್ವಿಗ್ ಕಂಪನಿಯ ಶೆಲ್ ಮುಟ್ಟಿ ನೋಡಿ, ಹೊರಗಡೆಗೆ ನುಣ್ಣಗೆ ಬಾಗಿರುತ್ತದೆ. ಗ್ರೆಚ್ ಕಂಪನಿಯದು 30 ಡಿಗ್ರಿ. ಎಲ್ಲದಕ್ಕೂ 45 ಡಿಗ್ರಿ, ಅದೂ ಚೂಪಾಗಿ, ಅನ್ನುವ ಅಭ್ಯಾಸ ಆಮೇಲಿನ ಕಾಲದ್ದು.

ಚರ್ಮದ ಸ್ವಭಾವವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗೇ ಪದ್ಮಶ್ರೀ ಬಂತು. ಮೋಡ ಕವಿದರೆ ತಮಟೆ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ. ಇದು ಊರಹಬ್ಬದಲ್ಲಿ ಕುಣಿಯುವ ಹುಡುಗರಿಗೂ ಗೊತ್ತು. ಅದೇ ಹುಡುಗರು ಡ್ರಮ್ ಸೆಟ್ ಮುಂದೆ ಕೂತರೆ ಮಾತ್ರ ಕಿವಿಯ ಮೇಲಿನ ನಂಬಿಕೆ ಬಿಟ್ಟು ಡಿಗ್ರಿ ಲೆಕ್ಕ ಶುರು ಮಾಡುತ್ತಾರೆ.

ಚೂಪು ಮಾಡಿದರೆ ಏನಾಗುತ್ತದೆ? ಹೆಡ್ ಮರವನ್ನು ಮುಟ್ಟುವ ಗೆರೆ ತೆಳ್ಳಗಾಗುತ್ತದೆ. ಹೆಡ್ಡನ್ನು ತಡೆಯುವವರು ಇರುವುದಿಲ್ಲ. ಹೆಚ್ಚು ಹೊತ್ತು ನಡುಗುತ್ತದೆ, ಕೋಲಿನ ಪೆಟ್ಟು ಖಡಕ್ಕಾಗಿ ಕೇಳುತ್ತದೆ, ಮೇಲಿನ ಸ್ವರಗಳು ಜಾಸ್ತಿ ಬರುತ್ತವೆ. ಅಂಚು ದುಂಡಗಿದ್ದರೆ ಹೆಡ್ ಅಗಲವಾಗಿ ಮರದ ಮೇಲೆ ಕೂರುತ್ತದೆ, ಮರ ಅದನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ನಾದ ಗಿಡ್ಡ, ದಪ್ಪ, ಮೆತ್ತಗೆ. ಹಳೇ ರೆಕಾರ್ಡುಗಳಲ್ಲಿ ನೀವು ಮೆಚ್ಚುವ ಆ "ಧಪ್" ಅನ್ನುವ ಟಾಮ್ (ಸೆಟ್ಟಿನಲ್ಲಿ ತಂತಿ ಇಲ್ಲದ ಡ್ರಮ್) ಇದೆಯಲ್ಲ, ಅದಕ್ಕೆ ಈ ದುಂಡು ಅಂಚಿನ ಪಾಲೂ ಇದೆ. ಎಲ್ಲಾ ಅಂಚಿನದೇ ಅನ್ನಲಾರೆ. ಹೆಡ್, ಶೆಲ್ಲಿನ ದಪ್ಪ, ಬಾರಿಸುವವರ ಕೈ, ಮೈಕ್ ಎಲ್ಲವೂ ಸೇರುತ್ತವೆ. ಆದರೆ ಅಂಚು ಕೆತ್ತಿಸಿಕೊಂಡು ಹೋದವರು ಆಮೇಲೆ "ಅಣ್ಣಾ, ಯಾಕೋ ಹೊಸ ಡ್ರಮ್ ಥರಾನೇ ಕೇಳ್ತಿದೆ" ಅಂತ ಬೇಸರ ಮಾಡಿಕೊಂಡಿದ್ದನ್ನು ಕಂಡಿದ್ದೇನೆ. ಹೊಸ ಡ್ರಮ್ ಥರಾನೇ ಬೇಕಿದ್ದರೆ ಹೊಸದನ್ನೇ ಕೊಳ್ಳಬಹುದಿತ್ತಲ್ವಾ?

ಇನ್ನು ನಿಜವಾದ ವಿಷಯ. ಅಂಚಿನಲ್ಲಿ ಮೊದಲು ನೋಡಬೇಕಾದ್ದು ಕೋನವಲ್ಲ, ಮಟ್ಟ. ಸುತ್ತಲೂ ಒಂದೇ ಎತ್ತರ ಇದೆಯಾ? ಶೆಲ್ಲನ್ನು ಸಮತಟ್ಟಾದ ಕಲ್ಲಿನ ಮೇಲೆ ಬೋರಲು ಇಟ್ಟರೆ ಇಡೀ ಅಂಚು ಕಲ್ಲನ್ನು ಮುಟ್ಟುತ್ತದಾ? ಒಂದು ಕಡೆ ತಗ್ಗಿದ್ದರೆ ಹೆಡ್ ಅಲ್ಲಿ ಗಾಳಿಯಲ್ಲಿ ನಿಂತಿರುತ್ತದೆ. ಆ ಜಾಗದ ಬೋಲ್ಟನ್ನು ಎಷ್ಟು ತಿರುಗಿಸಿದರೂ ಸ್ವರ ಸೇರುವುದಿಲ್ಲ. 45 ಡಿಗ್ರಿಯ ಚೂಪು ಅಂಚು ಮಟ್ಟವಿಲ್ಲದಿದ್ದರೆ ಅದು ಕೆಟ್ಟ ಅಂಚು. ದುಂಡು ಅಂಚು, ಅಲ್ಲಲ್ಲಿ ಸಣ್ಣ ಗೀರಿದ್ದರೂ, ಮಟ್ಟವಾಗಿದ್ದರೆ ಅದು ಒಳ್ಳೇ ಅಂಚು. ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಇಷ್ಟು ಹೇಳಿದ ಮೇಲೂ "ಹಾಗಾದ್ರೆ ಎಷ್ಟು ಡಿಗ್ರಿ ಇಡೋಣ?" ಅಂತ ಕೇಳುವವರಿದ್ದಾರೆ. ಡಿಗ್ರಿ ಆಮೇಲೆ. ಮಟ್ಟ ಮೊದಲು. ಹಳೇ ಡ್ರಮ್ ಆದರೆ ಮಟ್ಟ ಸರಿ ಮಾಡಿ, ಇದ್ದ ಆಕಾರವನ್ನೇ ಉಳಿಸಿ. ಡಿಗ್ರಿ ಮಾತೇ ಬರುವುದಿಲ್ಲ.

ಮಟ್ಟ ನೋಡುವುದು ಮನೆಯಲ್ಲೂ ಆಗುತ್ತದೆ. ದಪ್ಪ ಗ್ರಾನೈಟ್ ತುಂಡು ಬೇಕು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ! ಅಡುಗೆಕಟ್ಟೆ ಮಾಡುವವರ ಹತ್ತಿರ ಕೇಳಿದರೆ ಮಿಕ್ಕಿದ ಚಪ್ಪಡಿ ಕೊಡುತ್ತಾರೆ. ಆದರೆ ಪಾಲಿಶ್ ಮಾಡಿದ್ದೆಲ್ಲಾ ಸಮತಟ್ಟು ಅಂದುಕೊಳ್ಳಬೇಡಿ. ಒಳ್ಳೇ ಸ್ಟೀಲ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಪರೀಕ್ಷೆ ಮಾಡಿ. ಆಮೇಲೆ ಶೆಲ್ ಇಡಿ, ಒಳಗೆ ಟಾರ್ಚ್ ಹಾಕಿ, ಕೋಣೆಯ ದೀಪ ಆರಿಸಿ, ಬಗ್ಗಿ ನೋಡಿ. ಬೆಳಕು ಎಲ್ಲಿ ಹೊರಗೆ ಬರುತ್ತದೋ ಅಲ್ಲಿ ತಗ್ಗು. ಆ ಸಂದಿಗೆ ಮಾಮೂಲಿ ಬರೆಯುವ ಹಾಳೆ ತೂರಿಸಿ. ಹಾಳೆ ಅಂದಾಜು 0.1 ಮಿ.ಮೀ. ದಪ್ಪ ಇರುತ್ತದೆ. ಅದು ತೂರದಿದ್ದರೆ ಅಂಚಿನ ತಂಟೆಗೇ ಹೋಗಬೇಡಿ. ತೂರಿದರೂ ಗಾಬರಿ ಬೇಡ, ಮೊದಲು ಹೂಪ್ (ಹೆಡ್ಡನ್ನು ಒತ್ತಿ ಹಿಡಿಯುವ ಬಳೆ) ಬಗ್ಗಿದೆಯಾ ನೋಡಿ, ಹೊಸ ಹೆಡ್ ಹಾಕಿ ನೋಡಿ. ನನ್ನ ಹತ್ತಿರ "ಅಂಚು ಹೋಗಿದೆ" ಅಂತ ಬರುವ ಎಷ್ಟೋ ಡ್ರಮ್ಮುಗಳಲ್ಲಿ ಹೋಗಿರುವುದು ಹೆಡ್. ಅಲ್ಲಿಗೆ ನನಗೆ ಕೆಲಸವಿಲ್ಲ.

ಕೆಲಸ ಇರುವುದೇ ಆದರೆ ಅದನ್ನು ಕೈಯಲ್ಲೇ ಮಾಡುತ್ತೇನೆ. ರೌಟರ್ ಕೆಟ್ಟದ್ದು ಅಂತಲ್ಲ, ಹೊಸ ದಪ್ಪ ಶೆಲ್ಲಿಗೆ ಅದೇ ಸರಿ. ಹಳೇ ಶೆಲ್ ತೆಳು ಪ್ಲೈ, ಎರಡೂ ತುದಿಗೆ ಒಳಗಡೆ ಗಟ್ಟಿ ಮರದ ಬಳೆ ಅಂಟಿಸಿರುತ್ತಾರೆ. ಎಷ್ಟೋ ವರ್ಷದ ಅಂಟು ಅಲ್ಲಲ್ಲಿ ಬಿಟ್ಟಿರುತ್ತದೆ. ಅದರ ಮೇಲೆ ರೌಟರ್ ಬಿಟ್ಟರೆ ಹೊರಗಿನ ಪದರ ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಇನ್ನೊಂದು, ರೌಟರ್ ಶೆಲ್ಲಿನ ಗೋಡೆಯನ್ನು ಹಿಡಿದು ಓಡುತ್ತದೆ. ಗೋಡೆ ಸೊಟ್ಟಗಿದ್ದರೆ ಅಂಚೂ ಸೊಟ್ಟ.

ಮೊದಲು ಬಳೆಯ ಅಂಟು ಬಿಟ್ಟ ಕಡೆ ಅಂಟು ತುಂಬಿ, ಕ್ಲಾಂಪ್ ಹಾಕಿ ಒಣಗಿಸುತ್ತೇನೆ. ಆಮೇಲೆ ಚಪ್ಪಡಿ ಮೇಲೆ 120 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ, ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೀಟು ಎಳೆದು, ಶೆಲ್ಲನ್ನು ಬೋರಲು ಇಟ್ಟು ನಿಧಾನಕ್ಕೆ ಸುತ್ತಿಸುತ್ತೇನೆ. ಒತ್ತುವುದಿಲ್ಲ. ಶೆಲ್ಲಿನ ತೂಕವೇ ಸಾಕು. ನಾಲ್ಕು ಸುತ್ತಾದ ಮೇಲೆ ಕೈ ಹಿಡಿಯುವ ಜಾಗ ಬದಲಾಯಿಸಬೇಕು, ಇಲ್ಲದಿದ್ದರೆ ಬಲಗೈ ಒತ್ತಿದ ಕಡೆ ಜಾಸ್ತಿ ಸವೆಯುತ್ತದೆ. ಪೆನ್ಸಿಲ್ ಗೀಟು ಎಲ್ಲಿ ಅಳಿಸಿದೆ, ಎಲ್ಲಿ ಉಳಿದಿದೆ ನೋಡಿದರೆ ಎತ್ತರ ತಗ್ಗು ತಾನಾಗಿ ಗೊತ್ತಾಗುತ್ತದೆ. ಕೊನೇ ಗೀಟು ಅಳಿಸಿದ ತಕ್ಷಣ ನಿಲ್ಲಿಸುವುದು. ಇನ್ನೊಂದು ಸುತ್ತು ಇರಲಿ ಅನ್ನುವ ಆಸೆ ಬೇಡ. ತೆಗೆದ ಮರ ವಾಪಸ್ ಬರಲ್ಲ.

ಇಷ್ಟಾದಾಗ ಅಂಚಿನ ತಲೆ ಚಪ್ಪಟೆ ಆಗಿರುತ್ತದೆ. ಒಳ ಇಳಿಜಾರನ್ನು ಅರದಿಂದ, ಹೊರ ದುಂಡನ್ನು ಮರದ ತುಂಡಿಗೆ ಸುತ್ತಿದ 180, 220 ನಂಬರಿನ ಕಾಗದದಿಂದ ತಿದ್ದುತ್ತೇನೆ. ಅದೇ ಡ್ರಮ್ಮಿನಲ್ಲಿ ಕೆಡದ ಜಾಗ ಒಂದಿಷ್ಟಾದರೂ ಇರುತ್ತದೆ. ಕೆಲಸ ಶುರು ಮಾಡುವ ಮೊದಲೇ ಅದರ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡಿರುತ್ತೇನೆ, ಅದೇ ಅಳತೆ. ಕೊನೆಗೆ ಅಂಚಿಗೆ ಸ್ವಲ್ಪ ಮೇಣದಬತ್ತಿ ಉಜ್ಜಿದರೆ ಹೆಡ್ ಜಾರಿ ಸಮನಾಗಿ ಕೂರುತ್ತದೆ.

ಕೆಜಿಎಫ್‌ನಿಂದ ಬರುವ ಡ್ರಮ್ಮುಗಳದ್ದು ಬೇರೆಯೇ ಕಥೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗೆ ಕಾಲಿಟ್ಟ ಮೇಲೆ ಅಲ್ಲಿ ಕ್ಲಬ್ಬು, ಚರ್ಚು, ಡ್ಯಾನ್ಸು ಎಲ್ಲಾ ಬಂತು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಬ್ಯಾಂಡ್ ಬಾರಿಸುವವರು ಇದ್ದರು. 2001ರಲ್ಲಿ ಗಣಿ ಮುಚ್ಚಿತು. ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿದ ಡ್ರಮ್ಮುಗಳಲ್ಲಿ ಕೆಲವು ಇಂದಿಗೂ ನನ್ನ ಹತ್ತಿರ ಬರುತ್ತವೆ. ಹಾಗೆ ಬರುವುದರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಜಾಸ್ತಿ. 1922ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿ. ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಕೂಡ 1963ರಲ್ಲಿ ಲಡ್ವಿಗ್ ಕೊಳ್ಳುವವರೆಗೆ ಪ್ರೀಮಿಯರ್ರೇ ಬಾರಿಸುತ್ತಿದ್ದರು. (ಕೆಲವರು ನಮ್ಮದೇ ದೇಶದ ಮೀರತ್‌ನಲ್ಲಿ ತಯಾರಾದ ಬ್ಯಾಂಡ್ ಡ್ರಮ್ ತಂದು "ಬ್ರಿಟಿಷರ ಕಾಲದ್ದು" ಅನ್ನುತ್ತಾರೆ. ಇರಲಿ, ಅದಕ್ಕೂ ಅದರದೇ ಮರ್ಯಾದೆ ಇದೆ.)

60ರ ದಶಕದ ಕೊನೆಯ ತನಕ ಬಂದ ಪ್ರೀಮಿಯರ್ ಟಾಮ್‌ಗಳ ಅಳತೆ ಇವತ್ತಿನದಕ್ಕಿಂತ ಒಂಚೂರು ದೊಡ್ಡದು. 12, 14, 16 ಇಂಚು ಅಂತಲೇ ಕರೆಯುತ್ತಾರೆ, ಆದರೆ ಈಗಿನ ಹೆಡ್ ಅದರ ಮೇಲೆ ಇಳಿಯುವುದಿಲ್ಲ. ಇವತ್ತಿನ 14 ಇಂಚಿನ ಶೆಲ್ ಅಳೆದರೆ ಹೊರಗಿನ ಅಗಲ 352 ಮಿ.ಮೀ. ಆಸುಪಾಸು ಬರುತ್ತದೆ. ಪೂರ್ತಿ 14 ಇಂಚು ಅಂದರೆ 355.6. ಹೆಡ್ ಆರಾಮವಾಗಿ ಕೂತು ಬೆರಳಿಗೆ ತಿರುಗಬೇಕು, ಅದಕ್ಕೇ ಆ ಸಡಿಲ. ಹಳೇ ಪ್ರೀಮಿಯರ್ ಶೆಲ್ಲಿನ ಮೇಲೆ ಈಗಿನ ಹೆಡ್ಡಿಗೆ ಅಷ್ಟು ಜಾಗ ಸಿಗುವುದಿಲ್ಲ. ಜನ ಏನು ಮಾಡುತ್ತಾರೆ? ಬಡಗಿ ಹತ್ತಿರ ಹೋಗಿ ಶೆಲ್ಲಿನ ಹೊರಮೈಗೆ ಹತ್ತರಿ ಹೊಡೆಸುತ್ತಾರೆ. ಹಾಗೆ ಮಾಡಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಆ ಹಳೇ ಅಳತೆಯ ಹೆಡ್‌ಗಳು ಇವತ್ತಿಗೂ ತಯಾರಾಗುತ್ತವೆ. ತರಿಸಬೇಕು, ಕಾಯಬೇಕು, ದುಡ್ಡು ಸ್ವಲ್ಪ ಜಾಸ್ತಿ. ಅಷ್ಟೇ.

ರಾಬರ್ಟ್‌ಸನ್‌ಪೇಟೆ ಕಡೆಯ ಒಬ್ಬ ಆಂಟಿ ತಮ್ಮ ಅಪ್ಪನ ಟಾಮ್ ಒಂದನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದರು. "ಪಾಲಿಶ್ ಮಾಡ್ಬೇಡಿ, ಗೀರು ಅಳಿಸ್ಬೇಡಿ, ಬಾರಿಸೋ ಹಾಗೆ ಆದ್ರೆ ಸಾಕು" ಅಂದರು. ಇಂಥ ಗಿರಾಕಿ ಸಿಕ್ಕರೆ ನನಗೆ ಹಬ್ಬ. ಅಂಚು ಮಟ್ಟವಾಗೇ ಇತ್ತು. ಒಳಗೆ ಒಂದು ಕಡೆ ಬಳೆಯ ಅಂಟು ಬಿಟ್ಟಿತ್ತು, ಹೂಪ್ ಒಂಚೂರು ಬಗ್ಗಿತ್ತು. ಅಷ್ಟನ್ನು ಸರಿ ಮಾಡಿ ಸರಿಯಾದ ಅಳತೆಯ ಹೆಡ್ ಹಾಕಿದೆ. ಅವರು ಬಂದವರೇ ಬೆರಳಲ್ಲಿ ಬಡಿದು, "ಇನ್ನೂ ಸ್ವಲ್ಪ ಇಳಿಸಿ, ಡ್ಯಾಡಿ ಇಷ್ಟು ಬಿಗಿ ಇಡ್ತಾ ಇರ್ಲಿಲ್ಲ" ಅಂದರು. ಇಳಿಸಿದೆ. ಅವರ ಮಾತೇ ಸರಿ, ಆ ಶೆಲ್ಲಿಗೆ ಅದೇ ಸ್ವರ ಒಪ್ಪುತ್ತಿತ್ತು. ಆಮೇಲೆ ನನ್ನ ಕೈಬರಹ ಚೆನ್ನಾಗಿಲ್ಲ ಅಂತ ಬಿಲ್ಲಿನ ಬಗ್ಗೆಯೂ ಒಂದು ಮಾತು ಹೇಳಿ ಹೋದರು.

ಇನ್ನೊಂದು ಉಳಿದಿದೆ, ಸ್ನೇರ್ ಡ್ರಮ್, ಅಂದರೆ ಕೆಳಗಿನ ಹೆಡ್ಡಿಗೆ ತಂತಿ ಕಟ್ಟಿರುವ ಡ್ರಮ್. ಮೇಲೆ ಹೇಳಿದ ಟಾರ್ಚ್ ಪರೀಕ್ಷೆ ಓದಿ ಯಾರಾದರೂ ಸ್ನೇರ್ ಹಿಡಿದುಕೊಂಡು ಕೂರುತ್ತಾರೆ ಅನ್ನುವ ಭಯ ನನಗಿದೆ. ಸ್ನೇರಿನ ಕೆಳಗಿನ ಅಂಚಿನಲ್ಲಿ ಎದುರುಬದುರು ಎರಡು ಕಡೆ ಬೆಳಕು ಕಾಣಲೇಬೇಕು. ತಂತಿಗಳು ಹೆಡ್ಡಿಗೆ ಒರಗಿ ಮಲಗಲಿ ಅಂತ ಅಲ್ಲಿ ಬೇಕೆಂದೇ ತಗ್ಗು ಮಾಡಿರುತ್ತಾರೆ, ಸ್ನೇರ್ ಬೆಡ್ ಅನ್ನುತ್ತಾರೆ. ಎಷ್ಟೋ ಡ್ರಮ್ಮುಗಳಲ್ಲಿ ಒಂದೆರಡು ಮಿಲಿಮೀಟರ್ ಆಳ, ಅಷ್ಟೇ. ಕಣ್ಣಿಗೆ ಸವೆತದ ಹಾಗೆ ಕಾಣುತ್ತದೆ.

ಮಾಲೂರು ಕಡೆಯ ಆರ್ಕೆಸ್ಟ್ರಾ ಹುಡುಗನೊಬ್ಬನ ಸೋದರಮಾವ ಬಡಗಿ. ಒಳ್ಳೇ ಕೆಲಸಗಾರರೇ, ಅವರು ಮಾಡಿದ ಬಾಗಿಲು ನೋಡಿದ್ದೇನೆ. ಅಳಿಯನ ಸ್ನೇರಿನಲ್ಲಿ ಎರಡು ಕಡೆ ತಗ್ಗಿದೆ ಅಂತ ಕಂಡು, ಪ್ರೀತಿಯಿಂದ, ಒಂದು ಭಾನುವಾರ ಪೂರ್ತಿ ಕೂತು ಉಜ್ಜಿ ಮಟ್ಟ ಮಾಡಿಕೊಟ್ಟರು. ಎಷ್ಟು ನಯವಾಗಿ ಮಾಡಿದ್ದರು ಅಂದರೆ ನಾನೂ ಹಾಗೆ ಮಾಡಲಾರೆ. ಆಮೇಲೆ ತಂತಿ ಎಷ್ಟು ಬಿಗಿದರೂ ಎರಡು ತುದಿ ಎದ್ದೇ ಇರುತ್ತಿತ್ತು. ಪಕ್ಕದಲ್ಲಿ ಬೇಸ್ ಗಿಟಾರ್ ನುಡಿಸಿದರೆ ಇದು ಝರ್ ಅನ್ನುತ್ತಿತ್ತು. ಗಣೇಶನ ಹಬ್ಬದ ಕಾರ್ಯಕ್ರಮ ಹತ್ತಿರದಲ್ಲಿತ್ತು, ಹುಡುಗನ ಮುಖ ಸಣ್ಣಗಾಗಿತ್ತು.

ಮಾವನನ್ನೂ ಕರೆದುಕೊಂಡು ಬಾ ಅಂದೆ. ಬಂದರು. ಕೆಳಗಿನ ಹೆಡ್ ತೆಗೆದು, ತಂತಿ ಎಲ್ಲಿ ಹಾದುಹೋಗುತ್ತದೆ, ಅಲ್ಲಿ ತಗ್ಗು ಯಾಕೆ ಬೇಕು ಅಂತ ತೋರಿಸಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ ಅರ ಇಸಿದುಕೊಂಡು ತಾವೇ ಕೂತರು. ನಾನು ಪೆನ್ಸಿಲಿನಲ್ಲಿ ಹಾಕಿದ ಗುರುತಿನಷ್ಟೇ, ಎರಡೂ ಕಡೆ, ಅಂಚಿನುದ್ದಕ್ಕೂ ಮೆಲ್ಲಗೆ ಇಳಿದು ಮೆಲ್ಲಗೆ ಏರುವ ಹಾಗೆ ತೆಗೆದರು. ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದೆ. ಕೂಲಿ ಕೇಳಲಿಲ್ಲ, ನಾನೂ ಬಿಲ್ ಹಾಕಲಿಲ್ಲ. ಡ್ರಮ್ಮಿನ ಆಳ ಒಂಚೂರು ಕಮ್ಮಿಯಾಗಿದೆ, ಅದಕ್ಕೇನೂ ತೊಂದರೆ ಇಲ್ಲ.

ನನ್ನ ಹತ್ತಿರ ತರುವವರು ಹೆಡ್, ಹೂಪ್, ಬೋಲ್ಟ್ ಯಾವುದನ್ನೂ ಬಿಚ್ಚದೆ ಹಾಗೇ ತನ್ನಿ. ಬಿಚ್ಚಿದ್ದರೆ ಯಾವ ಹೂಪ್ ಮೇಲಿನದು, ಯಾವುದು ಕೆಳಗಿನದು ಅಂತ ಚೀಟಿ ಅಂಟಿಸಿ. ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದು ಮಾತ್ರ ತರಬೇಡಿ, ದುಂಡಗಿರುವ ಶೆಲ್ ಬಂಗಾರಪೇಟೆ ದಾಟುವಷ್ಟರಲ್ಲಿ ಮೊಟ್ಟೆ ಆಕಾರಕ್ಕೆ ಬಂದಿರುತ್ತದೆ.