ಕಿರುಗೆರೆಯ ಎರಡು ಬದಿ: ‘ಆಂಗ್ಲೋ-ಅಮೆರಿಕನ್’ ಮತ್ತು ಅದರ ಬಳಗದ ಪದಗಳು

‘ಆಂಗ್ಲೋ-ಅಮೆರಿಕನ್’ ಎಂಬ ಪದ ಒಪ್ಪಂದಕ್ಕೆ ವಿಶೇಷಣವಾದಾಗ ಅಟ್ಲಾಂಟಿಕ್ ಸಾಗರದ ಆಚೀಚಿನ ಎರಡು ದೇಶಗಳನ್ನು ಸೂಚಿಸುತ್ತದೆ. ಕುಟುಂಬಕ್ಕೆ ವಿಶೇಷಣವಾದಾಗ ಇಂಗ್ಲಿಷ್ ಮೂಲದ ಅಮೆರಿಕನ್ನರನ್ನು, ಅಂದರೆ ಒಂದೇ ದೇಶದ ಪ್ರಜೆಗಳನ್ನು ಸೂಚಿಸುತ್ತದೆ. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಮೊದಲನೆಯದು ದ್ವಂದ್ವ ಸಮಾಸವನ್ನು ಹೋಲುತ್ತದೆ, ಎರಡನೆಯದರಲ್ಲಿ ಉತ್ತರಪದದ ಅರ್ಥವೇ ಪ್ರಧಾನ. ಇಂತಹ ಪದಗಳ ಸುತ್ತ ಅಮೆರಿಕದಲ್ಲಿ ನಡೆದ ಜಗಳಕ್ಕೆ, ಎರಡನೆಯ ಬಗೆಯ ಪದವನ್ನು ಮೊದಲನೆಯದರಂತೆ ಓದಿದ್ದೇ ಕಾರಣವೆಂದು ನನಗೆ ತೋರುತ್ತದೆ.

ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್-ಅಮೆರಿಕನ್ನರ ನಿಷ್ಠೆ ತವರಿನ ಕಡೆಗಿದೆಯೆಂದೂ, ಐರಿಷ್-ಅಮೆರಿಕನ್ನರು ಬ್ರಿಟನ್ನಿನ ಮೇಲಿನ ಹಳೆಯ ಸಿಟ್ಟನ್ನು ಅಮೆರಿಕದ ನೀತಿಗೆ ಬೆರೆಸುತ್ತಾರೆಂದೂ ಅನುಮಾನ ಬೆಳೆದಿತ್ತು. 1915ರ ಅಕ್ಟೋಬರ್ 12ರಂದು ನ್ಯೂಯಾರ್ಕಿನಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ಕಿರುಗೆರೆಯ (ಹೈಫನ್) ಅಮೆರಿಕನ್ನರಿಗೆ, ಅಂದರೆ ತವರಿನ ಹೆಸರನ್ನು ಕಿರುಗೆರೆಯಿಂದ ‘ಅಮೆರಿಕನ್’ಗೆ ಜೋಡಿಸಿಕೊಂಡವರಿಗೆ, ಈ ದೇಶದಲ್ಲಿ ಜಾಗವಿಲ್ಲವೆಂದು ಸಾರಿದರು. ಹಾಗೆ ಸಾರಿದವರ ಮನೆತನದ ಹೆಸರೇ ಡಚ್ ಮೂಲದ್ದು. 1919ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್, ಕೊಲರಾಡೊದ ಪ್ವೆಬ್ಲೊ ನಗರದಲ್ಲಿ ಮಾತನಾಡುತ್ತ, ಕಿರುಗೆರೆಯನ್ನು ಹೊತ್ತು ತಿರುಗುವವನು ಗಣರಾಜ್ಯಕ್ಕೆ ಇರಿಯುವ ಕಠಾರಿಯನ್ನು ಹೊತ್ತವನೆಂದರು. ವಿಲ್ಸನ್ನರ ತಾಯಿ ಹುಟ್ಟಿದ್ದು ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ. ಆದರೆ ಇಂಗ್ಲಿಷ್ ಮೂಲವನ್ನೇ ಸಹಜವೆಂದು ಭಾವಿಸಿದ್ದ ಸಮಾಜದಲ್ಲಿ ‘ಆಂಗ್ಲೋ’ ಎಂಬುದು ಅನುಮಾನದ ಗುರುತಾಗಲಿಲ್ಲ.

ಈ ಬಗೆಯ ಪದಗಳು ಅಭಿಮಾನದ ಪದಗಳಾಗಿ ಮರಳಿದ್ದು 1960–70ರ ದಶಕಗಳಲ್ಲಿ. 1980ರ ಜನಗಣತಿ ಮೊದಲ ಬಾರಿಗೆ ಪೂರ್ವಜರ ಮೂಲವನ್ನು ನೇರವಾಗಿ ಕೇಳಿತು. 2000ದ ಗಣತಿಯಲ್ಲಿ ಸುಮಾರು 4.3 ಕೋಟಿ ಜನ ಜರ್ಮನ್ ಮೂಲವನ್ನು ಬರೆಸಿದರೆ, ಸುಮಾರು 2 ಕೋಟಿ ಜನ ತಮ್ಮ ಮೂಲವೇ ‘ಅಮೆರಿಕನ್’ ಎಂದು ಬರೆಸಿದರು. 1988ರಲ್ಲಿ ಜೆಸ್ಸಿ ಜಾಕ್ಸನ್ ಮೊದಲಾದ ಕಪ್ಪು ಜನಾಂಗದ ನಾಯಕರು ತಮ್ಮವರಿಗೆ ‘ಆಫ್ರಿಕನ್ ಅಮೆರಿಕನ್’ ಎಂಬ ಹೆಸರಿನ ಬಳಕೆಗೆ ಒತ್ತಾಯಿಸಿದಾಗ ಪ್ರಶ್ನೆ ಬೇರೆಯದಾಗಿತ್ತು: ಗುಲಾಮಗಿರಿಯಿಂದಾಗಿ ಅವರಲ್ಲಿ ಹೆಚ್ಚಿನವರ ಪೂರ್ವಜರ ಊರು, ಭಾಷೆ, ಕುಲಗಳ ನೆನಪು ಅಳಿಸಿಹೋಗಿದ್ದರಿಂದ ದೇಶದ ಬದಲು ಖಂಡದ ಹೆಸರು ಆ ಸ್ಥಾನಕ್ಕೆ ಬರಬೇಕಾಯಿತು. 2019ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಬರವಣಿಗೆಯ ನಿಯಮಗಳನ್ನು ಬದಲಿಸಿ, ಇಂತಹ ಪದಗಳ ನಡುವಿನ ಕಿರುಗೆರೆಯನ್ನು ಕೈಬಿಟ್ಟಿತು.

ಭಾರತೀಯರಿಗೆ ಬೇರೊಂದು ತೊಡಕು ಎದುರಾಯಿತು. ‘ಅಮೆರಿಕನ್ ಇಂಡಿಯನ್’ ಎಂಬುದು ಅಲ್ಲಿನ ಮೂಲನಿವಾಸಿಗಳ ಹೆಸರಾಗಿ ಮೊದಲೇ ಬಳಕೆಯಲ್ಲಿದ್ದುದರಿಂದ, 1980ರ ಗಣತಿಯ ನಮೂನೆಯಲ್ಲಿ ಭಾರತ ಮೂಲದವರು ‘ಏಷ್ಯನ್ ಇಂಡಿಯನ್’ ಆದರು. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಕನ್ನಡದಲ್ಲಿ ಬಳಕೆಗೆ ಬಂದ ಹೆಸರು ‘ಅಮೆರಿಕನ್ನಡಿಗ’. ‘ಅಮೆರಿಕ’ದ ಕೊನೆಯ ಅಕ್ಷರವೂ ‘ಕನ್ನಡಿಗ’ದ ಮೊದಲ ಅಕ್ಷರವೂ ಒಂದೇ ‘ಕ’ ಆಗಿರುವುದರಿಂದ ಕಿರುಗೆರೆಯ ಅಗತ್ಯವೇ ಬೀಳಲಿಲ್ಲ. ಮೇಲೆ ಹೇಳಿದ ವ್ಯಾಕರಣದ ಪ್ರಕಾರ ಇಲ್ಲಿ ಪ್ರಧಾನವಾದ ಉತ್ತರಪದ ‘ಕನ್ನಡಿಗ’. ಇಂಗ್ಲಿಷಿನ ‘ಇಂಡಿಯನ್ ಅಮೆರಿಕನ್’ನಲ್ಲಿ ಅದು ‘ಅಮೆರಿಕನ್’.